ಪುಣೆಯಲ್ಲಿ ಬಣ್ಣ ನೆಲದಿಂದ ಮೇಲಕ್ಕೆ ಹತ್ತುತ್ತದೆ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವಳು. ಹಿಂಜವಡಿಯಲ್ಲಿ ಕೆಲಸ, ಮಾರುಂಜಿಯಲ್ಲಿ ಮನೆ. ಬಾಸ್ಟನ್ನಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಪ್ರತಿ ಅಕ್ಟೋಬರಿನಲ್ಲಿ ಕೆಂಪು, ಕಿತ್ತಳೆ ಎಲೆಗಳ ಫೋಟೋ ಕಳಿಸುತ್ತಾಳೆ. ಈ ದೀಪಾವಳಿಗೆ ನಾನೂ ಒಂದು ಕ್ಯಾಮೆರಾ ಕೊಂಡೆ. ದಿನಕ್ಕೊಂದು ಫೋಟೋ ತೆಗೆಯಬೇಕೆಂದು ನವೆಂಬರ್ 1ರಿಂದ ಬೆಳಗ್ಗೆ ಕಾಸಾರಸಾಯಿ ಅಣೆಕಟ್ಟೆಯ ಕಡೆ ಹೋಗುತ್ತಿದ್ದೆ. ಹನ್ನೊಂದೇ ದಿನಕ್ಕೆ ಬಿಟ್ಟೆ. ದಿನಾ ಅದೇ ಹುಲ್ಲು, ಅದೇ ಗುಡ್ಡ, ಅದೇ ಕಂದು. ಪುಣೆಯ ಸುತ್ತ ಶರತ್ಕಾಲದ ಬಣ್ಣ ಎಲ್ಲಿ ಸಿಗುತ್ತದೆ? ಅಭ್ಯಾಸ ತಪ್ಪದ ಹಾಗೆ ಮಾಡುವುದು ಹೇಗೆ? ಗದ್ದೆ ಕೊಯ್ದ ಮೇಲೂ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿದೆಯೇ? ಮೊದಲ ದಿನದ್ದು, ಕೊನೆಯ ದಿನದ್ದು ಎರಡೂ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ದೊಡ್ಡ ಪರದೆಯಲ್ಲಿ ಬಹಳ ಹೊತ್ತು ನೋಡಿದೆ. ಅವು ಒಂದೇ ಥರ ಇಲ್ಲ. ಕೆಳಗಿನ ಎಡ ಮೂಲೆಯ ಹುಲ್ಲು ನೋಡಿ. ಮೊದಲ ದಿನ ಅದರ ಕಡ್ಡಿ ಹಸಿರಾಗಿದೆ, ತೆನೆಯಲ್ಲಿ ನೇರಳೆಯ ಛಾಯೆ ಇದೆ. ಹನ್ನೊಂದನೆಯ ದಿನ ಕಡ್ಡಿ ಒಣಹುಲ್ಲಿನ ಬಣ್ಣಕ್ಕೆ ಬಂದಿದೆ, ತೆನೆ ಕೆಂಗಂದಾಗಿದೆ. ಹಿಂದಿನ ಗದ್ದೆಯ ಪಟ್ಟಿ ಮೊದಲ ಫೋಟೋದಲ್ಲಿ ಅರ್ಧ ಹಸಿರು, ಎರಡನೆಯದರಲ್ಲಿ ಬದುವಿನಿಂದ ಬದುವಿಗೆ ಪೂರ್ತಿ ಹಳದಿ. ಬಣ್ಣ ಶುರುವಾದ ವಾರದಲ್ಲೇ ನೀವು ಬಿಟ್ಟಿದ್ದೀರಿ. ನಾಳೆಯಿಂದಲೇ ಮತ್ತೆ ಹೋಗಿ ಎಂದು ಮೊದಲೇ ಹೇಳಿಬಿಡುತ್ತೇನೆ. ಏಕೆ ಎನ್ನುವುದು ಮುಂದೆ ಇದೆ.

ನಿಮ್ಮ ತಂಗಿಯ ಊರಿನಲ್ಲಿ ಎಲೆ ಕೆಂಪಾಗುವುದಕ್ಕೆ ಕಾರಣ ಹಗಲು ಗಿಡ್ಡವಾಗುವುದು ಮತ್ತು ರಾತ್ರಿಯ ಚಳಿ. ಎಲೆಯೊಳಗಿನ ಹಸಿರು ದ್ರವ್ಯ ಕರಗಿದಾಗ ಮೊದಲಿನಿಂದಲೂ ಅಡಿಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೆಂಪನ್ನು ಮಾತ್ರ ಎಲೆ ಆ ಹೊತ್ತಿಗೆ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಮೇಪಲ್ ಮರಗಳು ಉರಿದಂತೆ ಕಾಣುತ್ತವೆ. ಒಂದು ಊರಿನಲ್ಲಿ ಈ ಸಂಭ್ರಮ ಎರಡು ಮೂರು ವಾರದ್ದು, ಆಮೇಲೆ ಮರ ಬೋಳು.

ಪುಣೆಯಲ್ಲಿ ಆ ಕೆಲಸ ಮಾಡುವುದು ಚಳಿಯಲ್ಲ, ನೀರು. ಅಕ್ಟೋಬರ್ ಹೊತ್ತಿಗೆ ಮುಂಗಾರು ಹಿಂದಕ್ಕೆ ಸರಿಯುತ್ತದೆ. ಮೊದಲು ಒಣಗುವುದು ನೆಲದ ಮೇಲಿನ ಗೇಣುದ್ದದ ಮಣ್ಣು. ಅಷ್ಟೇ ಆಳಕ್ಕೆ ಬೇರು ಬಿಟ್ಟ ಹುಲ್ಲು ಮೊದಲು ಬಣ್ಣ ತಿರುಗುತ್ತದೆ. ಅದರ ಜೊತೆಗೆ ಭತ್ತ, ಆಮೇಲೆ ಪೊದೆ, ಕೊನೆಗೆ ಆಳದ ನೀರು ಕುಡಿಯುವ ಮರ. ಸೆಪ್ಟೆಂಬರಿನ ಹೂವಿನಿಂದ ಮಾರ್ಚಿನ ಚಿಗುರಿನವರೆಗೆ ಬಣ್ಣ ನೆಲದಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ಆರು ತಿಂಗಳು ಬೇಕು ಅದಕ್ಕೆ. ನೀವು ನವೆಂಬರಿನಲ್ಲಿ ಮರದ ಕಡೆ ತಲೆ ಎತ್ತಿ ನೋಡುತ್ತಿದ್ದಿರಿ, ಆಗ ಅದು ನಿಮ್ಮ ಮೊಣಕಾಲಿನ ಹತ್ತಿರ ಇತ್ತು.

ಈ ಗೊಂದಲಕ್ಕೆ ಶಬ್ದವೂ ಕಾರಣ. ಶಾಲೆಯ ಪುಸ್ತಕದಲ್ಲಿ 'ಆಟಮ್' ಎಂದರೆ ಶರತ್ಕಾಲ ಎಂದು ಓದಿದೆವು. ಆದರೆ ನಮ್ಮ ಶರದೃತು ಆಶ್ವಯುಜ, ಕಾರ್ತಿಕದ್ದು. ತಿಳಿ ಆಕಾಶ, ಬೆಳೆದ ಹುಲ್ಲು, ಬೆಳದಿಂಗಳು ಅದರ ಗುರುತು. ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ. ನಡುವೆ ಹೇಮಂತ ಪೂರ್ತಿ ಇದೆ. ಅಲ್ಲಿಯವರಿಗೆ ಒಂದೇ ಶಬ್ದದಲ್ಲಿ ಮುಗಿಯುವುದು ನಮಗೆ ಮೂರು ಋತುಗಳಲ್ಲಿ ಹರಡಿಕೊಂಡಿದೆ. ದಿನವೂ ಕ್ಯಾಮೆರಾ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ ಎಂದೇ ನನ್ನ ಎಣಿಕೆ.

ಮೊದಲ ಮೆಟ್ಟಿಲು ಈ ವರ್ಷ ನಿಮಗೆ ತಪ್ಪಿತು. ಮಳೆಗಾಲದ ಕೊನೆಯಲ್ಲಿ ಸಿಂಹಗಡ, ಪುರಂದರದ ಇಳಿಜಾರುಗಳಲ್ಲಿ ಸೋನಕಿ ಎಂಬ ಪುಟ್ಟ ಹಳದಿ ಹೂವು ಹಾಸುತ್ತದೆ. ಗೌರಿಹೂವಿನ ಗುಲಾಬಿ ಬಣ್ಣವೂ ಆಗಲೇ. ಇಲ್ಲಿನವರು ಅದಕ್ಕೆ ತೇರಡಾ ಎನ್ನುತ್ತಾರೆ, 'ತೇರಡ್ಯಾಚಾ ರಂಗ ತೀನ ದಿವಸ' ಎಂಬ ಗಾದೆಯೇ ಇದೆ. ಮೂರು ದಿನದ ಬಣ್ಣ ಎಂದು. ಸಾತಾರದ ಹತ್ತಿರದ ಕಾಸ್ ಪ್ರಸ್ಥಭೂಮಿಗೆ ಎಲ್ಲರೂ ಓಡುವುದು ಆ ದಿನಗಳಿಗಾಗಿಯೇ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಅದು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಜನಜಂಗುಳಿ. ಒಮ್ಮೆ ಹೋಗಿ ಬನ್ನಿ. ಆದರೆ ದಿನದ ಅಭ್ಯಾಸಕ್ಕೆ ಅದು ಒದಗುವುದಿಲ್ಲ, ನಿಮ್ಮ ಕಾಸಾರಸಾಯಿಯೇ ಒದಗುವುದು.

ಈಗ ನಿಮ್ಮ ಮುಂದಿರುವುದು ಹುಲ್ಲಿನ ಕಾಲ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ದಖ್ಖನ್ನಿನ ನಿಜವಾದ 'ಮೇಪಲ್' ಹುಲ್ಲೇ. ದಿವೆ ಘಾಟಿನ ಬುಡದಲ್ಲಿ, ಮಸ್ತಾನಿ ಕೆರೆಯ ಮೇಲಿನ ಇಳಿಜಾರಿನಲ್ಲಿ ನನ್ನದೊಂದು ಕಲ್ಲಿದೆ. ಚಳಿಗಾಲದಲ್ಲಿ ಬೆಳಗ್ಗೆ ಅದರ ಮೇಲೆ ಕುಳಿತೇ ನಾನು ದಿನದ ಫೋಟೋ ತೆಗೆಯುವುದು. ಸುತ್ತ ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ಮರಾಠಿಯಲ್ಲಿ ಕುಸಳಿ. ಒಂದು ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಬುಡ ಇನ್ನೂ ಹಸಿರು, ಗಿಣ್ಣಿನ ಹತ್ತಿರ ತಾಮ್ರ, ಮೇಲೆ ಬೆಲ್ಲದ ಬಣ್ಣ. ತುದಿಯಲ್ಲಿ ಕಪ್ಪು ಊಬುಗಳು ಒಂದಕ್ಕೊಂದು ಹೆಣೆದುಕೊಂಡು ಹೆರಳಿನಂತೆ ತಿರುಚಿರುತ್ತವೆ. ಆ ಹೆರಳಿನ ಸಂದಿಯಲ್ಲಿ ಇಬ್ಬನಿ ಕುಳಿತಾಗ ಊಬು ಹಸಿಯಾಗಿ ನಿಧಾನವಾಗಿ ಸುತ್ತು ಬಿಚ್ಚುತ್ತದೆ, ಬಿಸಿಲು ಏರಿ ಒಣಗಿದರೆ ಮತ್ತೆ ತಿರುಚುತ್ತದೆ. ಬೀಜ ತನ್ನನ್ನು ತಾನೇ ಮಣ್ಣಿಗೆ ತಿರುಗಿಸಿಕೊಳ್ಳುವ ಉಪಾಯ ಅದು. ಹತ್ತು ನಿಮಿಷ ಕದಲದೆ ಕುಳಿತರೆ ಕಣ್ಣೆದುರೇ ನಡೆಯುತ್ತದೆ.

ಈ ಹುಲ್ಲನ್ನು ಸೂರ್ಯನಿಗೆ ಬೆನ್ನು ಹಾಕಿ ತೆಗೆದರೆ ಕಂದು ಚಾಪೆ. ನಿಮ್ಮ ಹನ್ನೊಂದು ದಿನದ ಬೇಸರಕ್ಕೆ ಅರ್ಧ ಕಾರಣ ಇದೇ ಇರಬೇಕು. ನಿಮ್ಮ ಎರಡೂ ಫೋಟೋಗಳಲ್ಲಿ ನೆರಳು ನಿಮ್ಮಿಂದ ಆಚೆಗೆ ಬಿದ್ದಿದೆ. ತಿರುಗಿ ನಿಲ್ಲಿ. ಈ ತಿಂಗಳುಗಳಲ್ಲಿ ಸೂರ್ಯ ಪೂರ್ವದಿಂದ ತುಸು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆ ಕಡೆ ಮುಖ ಮಾಡಿ, ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಂತ ಕೆಳಗಿಳಿಸಿ, ಹಿಂದೆ ನೆರಳಲ್ಲಿರುವ ಗುಡ್ಡದ ಮೈ ಬರುವಂತೆ ನೋಡಿಕೊಳ್ಳಿ. ಕಪ್ಪು ಹಿನ್ನೆಲೆಯ ಮೇಲೆ ಒಂದೊಂದು ತೆನೆಯೂ ದೀಪದ ಕುಡಿಯಾಗುತ್ತದೆ. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದರೆ ಸಾಕು.

ಬೆಳಗಿನ ಆ ಬೆಳಕಿಗೆ ಛಾಯಾಗ್ರಾಹಕರು 'ಗೋಲ್ಡನ್ ಅವರ್' ಎನ್ನುತ್ತಾರೆ. ಹೆಸರು ಕೇಳಿ ಒಂದು ಗಂಟೆ ಇದೆ ಎಂದುಕೊಳ್ಳಬೇಡಿ. ಯುರೋಪಿನ ಉತ್ತರದಲ್ಲಿ ಸೂರ್ಯ ಓರೆಯಾಗಿ ಏರುವುದರಿಂದ ಅಲ್ಲಿ ಗಂಟೆ ಮೀರಿಯೂ ಸಿಗುತ್ತದೆ. ಪುಣೆ ಇರುವುದು ಸುಮಾರು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ಸೂರ್ಯ ಕಡಿದಾಗಿ ಏರುತ್ತಾನೆ. ನಿಜವಾದ ಹೊನ್ನ ಬೆಳಕು ಅರ್ಧ ಗಂಟೆ ಮಾತ್ರ. ಹೀಗಾಗಿ ಸೂರ್ಯ ಹುಟ್ಟುವ ಹತ್ತು ನಿಮಿಷ ಮೊದಲೇ ಜಾಗದಲ್ಲಿ ಇರಬೇಕು. ನವೆಂಬರ್ ನಡುವಿನಲ್ಲಿ ಸೂರ್ಯೋದಯ 6:40ರ ಆಸುಪಾಸು, ಜನವರಿ ನಡುವಿನಲ್ಲಿ 7:10ರ ಆಸುಪಾಸು. ಚಳಿ ಏರಿದಂತೆ ಸೂರ್ಯನೂ ತಡ ಮಾಡುತ್ತಾನೆ, ಆಫೀಸಿಗೆ ಹೋಗುವವರಿಗೆ ಅದೊಂದು ಅನುಕೂಲ. ಸಂಜೆಯ ಬೆಳಕು ನಿಮಗೆ ವಾರದ ದಿನಗಳಲ್ಲಿ ಸಿಗುವುದಿಲ್ಲ, ಆರು ಗಂಟೆಗೆಲ್ಲ ಮುಗಿದಿರುತ್ತದೆ. ಎದ್ದದ್ದು ತಡವಾದರೆ ಆ ದಿನ ಕೈಬಿಡಬೇಡಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಹಗಲ ಸೂರ್ಯನೂ ನಲವತ್ತೆಂಟು ಡಿಗ್ರಿಗಿಂತ ಮೇಲೇರುವುದಿಲ್ಲ. ಮೇ ತಿಂಗಳಲ್ಲಿ ನೆತ್ತಿಯ ಮೇಲೆ ನಿಲ್ಲುವ ಸೂರ್ಯನಿಗೆ ಹೋಲಿಸಿದರೆ ಇದು ಸೌಮ್ಯ ಓರೆ ಬೆಳಕು, ಒಂಬತ್ತು ಗಂಟೆಗೂ ಫೋಟೋ ಬರುತ್ತದೆ.

ಕ್ಯಾಮೆರಾದ ಒಳಗೆ ನೀವು ತಪ್ಪದೆ ಬದಲಿಸಬೇಕಾದ್ದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ತಿದ್ದುವ ಸೆಟ್ಟಿಂಗ್. ನನ್ನ ಮೊದಲ ಚಳಿಗಾಲ ಪೂರ್ತಿ ಅದನ್ನು ಆಟೋದಲ್ಲಿ ಬಿಟ್ಟಿದ್ದೆ, ಜೆಪೆಗ್‌ನಲ್ಲೇ ಉಳಿಸಿದ್ದೆ. ಮೂರು ತಿಂಗಳು ಒಂದು ಬೆಳಗೂ ತಪ್ಪಿಸದೆ ಹೋದೆ. ಶಿವರಾತ್ರಿಯ ಹೊತ್ತಿಗೆ ಎಲ್ಲವನ್ನೂ ಸಾಲಾಗಿ ಹರಡಿ ನೋಡಿದರೆ ಒಂದು ದಿನದ ಹುಲ್ಲು ಬಂಗಾರ, ಮರುದಿನದ್ದು ಬೂದಿ, ಅದರ ಮರುದಿನದ್ದು ನೀಲಿ. ಬದಲಾದದ್ದು ಹುಲ್ಲಲ್ಲ. ಚೌಕಟ್ಟಿನಲ್ಲಿ ಹಳದಿ ಹೆಚ್ಚಿದಾಗಲೆಲ್ಲ ಕ್ಯಾಮೆರಾ ಅದನ್ನು ದೋಷ ಎಂದು ತಿಳಿದು ತಿದ್ದಿತ್ತು. ಹೋಲಿಸುವುದಕ್ಕೇ ಬಾರದ ತೊಂಬತ್ತು ಫೋಟೋ. ಆ ಸಂಜೆಯ ಸಂಕಟ ಇನ್ನೂ ನೆನಪಿದೆ. ಅಂದಿನಿಂದ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲಿ ಕಟ್ಟಿಹಾಕಿದ್ದೇನೆ, ಮೋಡವಿರಲಿ ಮಂಜಿರಲಿ ಬದಲಿಸುವುದಿಲ್ಲ. ಕಡತವನ್ನು ಜೆಪೆಗ್ ಬದಲು ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಬಣ್ಣ ತಿದ್ದದ ಮೂಲ ರೂಪದಲ್ಲಿ, ಉಳಿಸುತ್ತೇನೆ. ಬಣ್ಣದ ಪ್ರೊಫೈಲ್ 'ವಿವಿಡ್' ಆಗಿದ್ದರೆ 'ಸ್ಟ್ಯಾಂಡರ್ಡ್' ಮಾಡಿ. ಮೊಬೈಲ್‌ನಲ್ಲಿ ತೆಗೆಯುವ ದಿನಗಳಲ್ಲಿ ದೃಶ್ಯ ಗುರುತಿಸಿ ತಾನೇ ಬಣ್ಣ ಏರಿಸುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲದಿದ್ದರೆ ಒಣಗುತ್ತಿರುವ ಹುಲ್ಲಿಗೆ ಅದು ಹಸಿರು ಬಳಿಯುತ್ತದೆ.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಇನ್ನೊಂದು ಲೆನ್ಸ್ ಬೇಡ, ಒಂದು ಪೋಲರೈಸರ್ ಫಿಲ್ಟರ್ ಕೊಳ್ಳಿ. ಎಲೆಯ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ಬೆಳ್ಳಗೆ ಹೊಳೆಯುತ್ತದೆ, ಅಡಿಯ ಬಣ್ಣ ಮುಚ್ಚಿಹೋಗುತ್ತದೆ. ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿದಾಗ ಆ ಹೊಳಪು ಮರೆಯಾಗಿ ಬಣ್ಣ ಮೇಲೆ ಬರುವುದನ್ನು ಕಣ್ಣಾರೆ ಕಾಣಬಹುದು. ಇಬ್ಬನಿ ಬಿದ್ದ ಎಲೆಗೆ ಇದರಷ್ಟು ಒಳ್ಳೆಯ ಉಪಕರಣ ಇಲ್ಲ. ಬೆಳಕು ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಡಿಮೆಯಾಗುತ್ತದೆ, ಕೈ ನಡುಗದಂತೆ ನೋಡಿಕೊಳ್ಳಿ.

ಇನ್ನು ಅಭ್ಯಾಸದ ಮಾತು. ದಿನಕ್ಕೊಂದು ಫೋಟೋ ಎಂದರೆ ದಿನಕ್ಕೊಂದು ಹೊಸ ಫೋಟೋ ಎಂದು ನೀವು ಭಾವಿಸಿದ್ದೀರಿ. ಅದು ಯಾರಿಂದಲೂ ಸಾಗುವುದಿಲ್ಲ. ನನ್ನ ಕ್ರಮ ಹೀಗೆ: ಮೊದಲ ಫೋಟೋ ನನ್ನದಲ್ಲ, ಜಾಗದ್ದು. ಅದೇ ಕಲ್ಲು, ಅದೇ ಎತ್ತರ, ಅದೇ ಲೆನ್ಸ್, ಎದುರಿನ ಬೇಲಿಯ ಕಂಬ ಚೌಕಟ್ಟಿನ ಅದೇ ಜಾಗದಲ್ಲಿ. ಅಂದ ನೋಡದೆ ಒತ್ತಿಬಿಡುವುದು. ಮೂವತ್ತು ಸೆಕೆಂಡಿನ ಕೆಲಸ, ಅಲ್ಲಿಗೆ ಆ ದಿನದ ವ್ರತ ಮುಗಿಯಿತು. ಆಮೇಲೆ ಬೇಕಿದ್ದರೆ ಎರಡನೆಯದು, ಅದು ನನ್ನದು. ಹುಲ್ಲು, ಜೇಡರ ಬಲೆ, ಕುರಿ ಕಾಯುವವರ ಕಂಬಳಿ, ಏನಾದರೂ. ಸಿಗದ ದಿನ ಸಿಗಲಿಲ್ಲ ಎಂದು ಮನೆಗೆ ಬರುತ್ತೇನೆ. ಹಾಗೆ ಬಂದ ದಿನಗಳೇ ಹೆಚ್ಚು.

ಬರೆದಿಡುವುದನ್ನೂ ಸೇರಿಸಿಕೊಳ್ಳಿ. ದಿನಾಂಕ, ಹೊತ್ತು, ಇಬ್ಬನಿ ಇತ್ತೋ ಇಲ್ಲವೋ, ಗಾಳಿ, ಕಂಡ ಒಂದು ಬದಲಾವಣೆ. ಒಂದೇ ಸಾಲು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಅಲ್ಲಿನವರು ದಿನಚರಿಗಳಲ್ಲಿ ಬರೆದಿಟ್ಟದ್ದರಿಂದಲೇ ಇಂದು ಹವಾಮಾನ ಬದಲಾದದ್ದನ್ನು ಅದರಲ್ಲಿ ಓದಲು ಸಾಧ್ಯವಾಗಿದೆ. ನಮ್ಮಲ್ಲೂ ಸೀಸನ್‌ವಾಚ್ ಎಂಬ ಯೋಜನೆ ಇದೆ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿ ಹೇಗಿವೆ ಎಂದು ದಾಖಲಿಸುವುದು. ನಿಮ್ಮ ಫೋಟೋಗಳ ಜೊತೆ ಒಂದು ಮರವನ್ನೂ ಹಾಗೆ ಒಪ್ಪಿಕೊಂಡರೆ ಬಹಳ ಸಂತೋಷ.

ಮರ ಯಾವುದೆಂದು ಕೇಳಿದರೆ ಬಾದಾಮಿ ಮರ ಎನ್ನುತ್ತೇನೆ, ಹಂತ ಹಂತವಾಗಿ ಕೊಂಬೆ ಚಾಚಿ ಛತ್ರಿಯಂತೆ ನಿಲ್ಲುವ ಕಾಡುಬಾದಾಮಿ. ಪುಣೆಯ ಎಷ್ಟೋ ಸೊಸೈಟಿಗಳ ಕಾಂಪೌಂಡಿನಲ್ಲಿದೆ. ಚಳಿಗಾಲ ಬಲಿತಂತೆ ಅದರ ಎಲೆ ಕೆಂಪಾಗುತ್ತದೆ, ನಿಮ್ಮ ತಂಗಿ ಕಳಿಸುವ ಫೋಟೋದ ಅದೇ ಕೆಂಪು. ನಮ್ಮ ಮನೆಯ ಗೇಟಿನ ಹತ್ತಿರದ ಮರದಿಂದ ಬಿದ್ದ ಒಂದು ಎಲೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡಿದ್ದೆ. ಅಂಚಿನಲ್ಲಿ ಕುಂಕುಮ, ಒಳಗೆ ಕಿತ್ತಳೆ, ಅದರೊಳಗೆ ಅರಿಶಿನ. ನಡುನರದ ಇಕ್ಕೆಲದಲ್ಲಿ ಮಾತ್ರ ಹಸಿರಿನ ಎರಡು ತೆಳು ಗೆರೆ, ಊರು ಖಾಲಿಯಾದ ಮೇಲೂ ಉಳಿದುಕೊಂಡ ಎರಡು ಮನೆಗಳ ಹಾಗೆ. ಮನೆಯಿಂದ ಹೊರಗೆ ಹೋಗಲಾಗದ ದಿನ ಇಂಥ ಒಂದು ಎಲೆಯೇ ಆ ದಿನದ ಫೋಟೋ. ಹಳ್ಳಿಯ ಕಡೆಯದ್ದಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಜನವರಿ ದಾಟಿದ ಮೇಲೆ ಬಣ್ಣ ಪೂರ್ತಿ ಮೇಲೇರುತ್ತದೆ. ನಗರದ ಟೇಕಡಿಗಳಲ್ಲಿ, ಅಂದರೆ ಚಿಕ್ಕ ಗುಡ್ಡಗಳಲ್ಲಿ, ನೆಟ್ಟ ಗ್ಲಿರಿಸಿಡಿಯಾ ಮರ ಎಲೆ ಉದುರಿಸಿ ತಿಳಿಗುಲಾಬಿ ಹೂ ಬಿಡುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಮುತ್ತುಗ, ಬೂರುಗ, ಹಾಲವಾಣ. ಅರಳಿಮರದ ಚಿಗುರು ತಾಮ್ರದ ತಗಡಿನಂತೆ ಹೊಳೆಯುತ್ತದೆ. ಅಲ್ಲಿ ಮುದಿ ಎಲೆಯ ಕೆಂಪು, ಇಲ್ಲಿ ಕೂಸಿನ ಕೆಂಪು. ಮುತ್ತುಗದ ಮುಂದೆ ಒಂದು ಎಚ್ಚರ: ಅದರ ಕಿತ್ತಳೆಗೆಂಪಿನಲ್ಲಿ ಕೆಂಪು ಚಾನೆಲ್, ಅಂದರೆ ಕ್ಯಾಮೆರಾ ಕೆಂಪನ್ನು ದಾಖಲಿಸುವ ಪಾಲು, ಮೊದಲೇ ತುಂಬಿ ಚೆಲ್ಲುತ್ತದೆ, ದಳಗಳ ಮೇಲಿನ ನವಿರು ಅಳಿಸಿ ಬಣ್ಣದ ಮುದ್ದೆಯಾಗುತ್ತದೆ. ಸಾಮಾನ್ಯ ಹಿಸ್ಟೋಗ್ರಾಮ್ (ಫೋಟೋದಲ್ಲಿ ಬೆಳಕು ಎಷ್ಟೆಷ್ಟು ಎಂದು ತೋರಿಸುವ ನಕ್ಷೆ) ಹಸಿರಿಗೆ ಹೆಚ್ಚು ತೂಕ ಕೊಡುವುದರಿಂದ ಇದು ಅದರಲ್ಲಿ ಕಾಣುವುದಿಲ್ಲ. ಮೂರೂ ಬಣ್ಣದ ಹಿಸ್ಟೋಗ್ರಾಮ್ ಹಾಕಿ ನೋಡಿ, ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ.

ಜೀವದ ಮಾತನ್ನೂ ಹೇಳಬೇಕು. ಚಳಿಗಾಲದ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಕಣಕಾಲು ಮುಚ್ಚುವ ಬೂಟು ಹಾಕಿ, ಮೊಣಕಾಲೂರುವ ಮೊದಲು ಕೋಲಿನಿಂದ ಹುಲ್ಲು ಸರಿಸಿ. ನವೆಂಬರ್, ಡಿಸೆಂಬರಿನಲ್ಲಿ ಕಬ್ಬು ಸೂಲಂಗಿ ಬಿಟ್ಟಾಗ ಹೊಲದ ಮೇಲೆ ಬೆಳ್ಳಿಯ ನೊರೆ ತೇಲಿದಂತೆ ಇರುತ್ತದೆ, ಒಳಗೆ ಹೋಗುವ ಆಸೆಯಾಗುತ್ತದೆ. ಹೋಗಬೇಡಿ. ಪುಣೆ ಜಿಲ್ಲೆಯ ಕಬ್ಬಿನಲ್ಲಿ ಚಿರತೆಗಳು ಮರಿ ಹಾಕುತ್ತವೆ, ಬೆಳಗಿನ ಜಾವ ದಾರಿಯಿಂದಲೇ ತೆಗೆಯಿರಿ. ಹೊಲಕ್ಕೆ ಕಾಲಿಡುವ ಮೊದಲು 'ದಾದಾ, ಫೋಟೋ ಕಾಢೂ ಕಾ?' ಎಂದು ಕೇಳಿ. ನನಗೆ ಇಲ್ಲ ಎಂದವರು ಬಹಳ ಕಡಿಮೆ. ತೆಗೆದದ್ದನ್ನು ಒಂದು ಪ್ರಿಂಟ್ ಹಾಕಿಸಿ ಮುಂದಿನ ವಾರ ಕೊಟ್ಟರೆ ಆ ಬದುವಿನ ಮೇಲೆ ನಿಮಗೆ ಕಾಯಂ ಜಾಗ.

ಗದ್ದೆ ಕೊಯ್ದ ಮೇಲೆ ಹೋಗಬೇಕೇ ಎಂದಿರಿ. ಹೋಗಬೇಕು. ಮುಳಶಿ, ಮಾವಳದ ಕಡೆ ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲೇ ಕಡಲೆ, ಮಸೂರ ಬಿತ್ತುತ್ತಾರೆ. ಕೂಳೆಯ ಹಳದಿಯ ನಡುವೆ ಹೊಸ ಹಸಿರು ಸಾಲು ಹಿಡಿಯುವುದನ್ನು ನಿಮ್ಮ ದಿನದ ಅದೇ ಚೌಕಟ್ಟಿನಲ್ಲಿ ನೋಡುವಿರಿ. ಒಂದು ಭಾನುವಾರ ಮಾತ್ರ ಬಿಡುವು ಮಾಡಿಕೊಂಡು ಪೂರ್ವಕ್ಕೆ, ಸಾಸವಡ ದಾಟಿ ಎರೆ ಹೊಲಗಳ ಕಡೆ ಬನ್ನಿ. ಎಳ್ಳಮವಾಸ್ಯೆಯ ಆಚೀಚೆ ಹಿಂಗಾರಿ ಜೋಳ ಹಾಲುಗಾಳು ಹಿಡಿದಿರುತ್ತದೆ. ನಮ್ಮ ಕಡೆಯ ಸೀತನಿಯೇ ಇಲ್ಲಿನ ಹುರಡಾ, ಬೆರಣಿಯ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ಕೊಡುತ್ತಾರೆ. ಆ ತಿಕ್ಕುವ ಕೈ, ಕೆಂಡದ ಹೊಗೆ, ಹಿಂದಿನ ಜೋಳದ ನಸುಹಸಿರು ಒಟ್ಟಿಗೆ ಬರುವುದು ಬೆಳಗ್ಗೆ ಒಂಬತ್ತರ ಒಳಗೆ. ತಿನ್ನುವ ಮೊದಲು ತೆಗೆದುಬಿಡಿ, ಆಮೇಲೆ ಕೈಗೆ ಬೂದಿ ಹತ್ತಿರುತ್ತದೆ.